ಕೆಳಗಿನ ಬನ್ ಒದ್ದೆಯಾಗದ ಬರ್ಗರ್ ಎಲ್ಲಿ ಸಿಗುತ್ತೆ? ಬೆಂಗಳೂರಿನ ಬರ್ಗರ್ ಅಂಗಡಿಗಳು, ಮನೆಮಂದಿಯ ಲೆಕ್ಕದಲ್ಲಿ

ಬರ್ಗರ್ ವಿಮರ್ಶೆ ಅಂದರೆ ಪ್ಯಾಟಿ, ಚೀಸ್, ಸಾಸ್ ಅಂತ ಶುರುವಾಗುತ್ತದೆ. ನನ್ನ ತಕರಾರು ಕೆಳಗಿನ ಬನ್ನಿನದು. ಅರ್ಧ ತಿನ್ನುವಷ್ಟರಲ್ಲಿ ಅದು ನೀರು ಕುಡಿದು ಬೆರಳಿಗೆ ಅಂಟಿ, ಮುನ್ನೂರೈವತ್ತು ರೂಪಾಯಿಯ ಬರ್ಗರನ್ನು ಚಮಚದಲ್ಲಿ ಬಳಿದು ತಿನ್ನಬೇಕಾದರೆ ಮೇಲೆ ಎಂಥ ಪ್ಯಾಟಿ ಇದ್ದೂ ಏನು ಬಂತು? ಮಕ್ಕಳ ಅಂಗಿ, ಅಜ್ಜಿಯ ಸೀರೆ, ಎರಡಕ್ಕೂ ಕಲೆ.

ಕಾರಣ ಅಡುಗೆಮನೆಯಲ್ಲೇ ಇದೆ. ಬನ್ನಿನ ಕತ್ತರಿಸಿದ ಮೈಯನ್ನು ಬೆಣ್ಣೆ ಸವರಿ ಬಿಸಿ ಕಾವಲಿಯ ಮೇಲೆ ಅರ್ಧ ನಿಮಿಷ ಒತ್ತಿ ಕೆಂಪಗೆ ಮಾಡಬೇಕು. ಆ ಒಣಗಿದ ಪದರ ಮತ್ತು ಅದರ ಮೇಲಿನ ಜಿಡ್ಡು ಸೇರಿ ರಸ ಒಳಗಿಳಿಯುವುದನ್ನು ತಡೆಯುತ್ತವೆ. ಶನಿವಾರ ರಾತ್ರಿ ಎಂಟು ಗಂಟೆಗೆ ಆರ್ಡರ್ ಚೀಟಿಗಳು ಸಾಲುಗಟ್ಟಿದಾಗ ಮೊದಲು ಬಿಟ್ಟುಹೋಗುವ ಕೆಲಸವೇ ಇದು. ಮೇಲಿನ ಬನ್ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದಕ್ಕೆ ಎಣ್ಣೆಯ ಹೊಳಪು, ಎಳ್ಳು ಎಲ್ಲ ಇರುತ್ತದೆ. ಕೆಳಗಿನದನ್ನು ಎತ್ತಿ ನೋಡುವವರು ಯಾರು?

ಎರಡನೆಯದು ಟೊಮೆಟೊ. ನಾಟಿ ಟೊಮೆಟೊ ಸಾರಿಗೆ, ಗೊಜ್ಜಿಗೆ ಸರಿ. ಹುಳಿ ಹೆಚ್ಚು, ರಸ ಹೆಚ್ಚು, ತೊಗಟೆ ತೆಳು. ಅದನ್ನು ಬಿಲ್ಲೆ ಕತ್ತರಿಸಿ ಉಪ್ಪು ಉದುರಿಸಿಟ್ಟರೆ ಹತ್ತು ನಿಮಿಷದಲ್ಲಿ ತಟ್ಟೆ ತುಂಬ ನೀರು. ಬರ್ಗರಿಗೆ ಗಟ್ಟಿ ತಿರುಳಿನ ಹೈಬ್ರಿಡ್ ಟೊಮೆಟೊನೇ ಬೇಕು, ಅದೂ ಪ್ಯಾಟಿಯ ಮೇಲೆ. ತಣ್ಣೀರಲ್ಲಿ ನೆನೆಸಿಟ್ಟ ಲೆಟಿಸ್ ಎಲೆಯನ್ನು ಕೊಡವದೆ ಹಾಕಿದರೂ ಇದೇ ಗತಿ. ಪ್ಯಾಟಿ ಒಲೆಯಿಂದ ಇಳಿದ ಮೇಲೆ ಒಂದೆರಡು ನಿಮಿಷ ಜಾಲರಿಯ ಮೇಲೆ ಕೂತರೆ ಅದರ ನೀರು ಅಲ್ಲೇ ಇಳಿಯುತ್ತದೆ. ನೇರ ಬನ್ನಿಗೆ ಹಾಕಿದರೆ ಬನ್ನಿಗಿಳಿಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಮನೆಮಂದಿ ಸಮೇತ ಹೋದವರ ಬರ್ಗರ್ ಕೆಡುವುದಕ್ಕೆ ಬೇರೆಯದೇ ಕಾರಣವಿದೆ. ಒಂದೇ ಟೇಬಲ್‌ನಿಂದ ನಾಲ್ಕು ಬಗೆಯ ಆರ್ಡರ್ ಹೋಗುತ್ತದೆ: ಅಜ್ಜಿಗೆ ಆಲೂ ಟಿಕ್ಕಿ, ಮಗುವಿಗೆ ಚೀಸ್ ಬರ್ಗರ್, ಒಬ್ಬರಿಗೆ ಕರಿದ ಚಿಕನ್, ಇನ್ನೊಬ್ಬರಿಗೆ ಗ್ರಿಲ್ ಮಾಡಿದ ದಪ್ಪ ಪ್ಯಾಟಿ. ಕರಿಯುವ ಟಿಕ್ಕಿ ನಾಲ್ಕೈದು ನಿಮಿಷದ ಕೆಲಸ, ದಪ್ಪ ಚಿಕನ್ ಪ್ಯಾಟಿ ನಡುವಿನವರೆಗೆ ಬೇಯಲು ಹತ್ತು ಹನ್ನೆರಡು ನಿಮಿಷ. ಚಿಕನ್ ಒಳಗೆ 74 ಡಿಗ್ರಿ ಮುಟ್ಟಬೇಕು, ಅವಸರ ಮಾಡುವಂತಿಲ್ಲ. ಎಲ್ಲವನ್ನೂ ಒಟ್ಟಿಗೆ ಬಡಿಸಬೇಕೆಂಬ ಮರ್ಯಾದೆಗೆ ಮೊದಲು ಆದ ಟಿಕ್ಕಿ ಬರ್ಗರ್ ಬಿಸಿ ದೀಪದ ಕೆಳಗೆ ಕಾಯುತ್ತದೆ. ಅದರ ಹಬೆ ಅದರ ಬನ್ನಿಗೇ. ಹಾಗಾಗಿ ಅತಿ ಕೆಟ್ಟ ಬರ್ಗರ್ ಸಿಗುವುದು ಮನೆಯಲ್ಲಿ ಅತಿ ಹಿರಿಯರಿಗೆ. ಆರ್ಡರ್ ಕೊಡುವಾಗಲೇ ‘ಒಟ್ಟಿಗೆ ಬೇಡ, ಆದದ್ದನ್ನು ಆದಹಾಗೆ ತಂದುಬಿಡಿ’ ಎಂದು ಹೇಳಿ. ಈ ಒಂದು ಮಾತಿನಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಫ್ರೆಂಚ್ ಫ್ರೈಸ್ ಮಾತ್ರ ಕೊನೆಗೆ ಹೇಳಿ. ಏಳೆಂಟು ನಿಮಿಷಕ್ಕೆ ಅದು ಸೋತುಹೋಗುತ್ತದೆ.

ಕೂತು ತಿನ್ನುವ ಹೋಟೆಲುಗಳು, ಅಂದರೆ ಸೇಂಟ್ ಮಾರ್ಕ್ಸ್ ರಸ್ತೆ, ಕೋರಮಂಗಲ, ಇಂದಿರಾನಗರದ ದೊಡ್ಡ ಬರ್ಗರ್ ಜಾಗಗಳು. ಇಲ್ಲಿ ಪ್ರಮಾಣ ಧಾರಾಳ, ಕುರ್ಚಿ ಆರಾಮ, ಹರಟೆಗೆ ಸಮಯ. ಟ್ರಫಲ್ಸ್‌ನಂಥ ಹೆಸರು ಈ ಊರಿನ ಕಾಲೇಜು ಹುಡುಗರ ಬಾಯಲ್ಲಿ ಎಷ್ಟೋ ವರ್ಷದಿಂದ ಇದೆ. ಆದರೆ ಎತ್ತರದ ಮೋಹ ಎಲ್ಲ ಕಡೆಗೂ ಹಬ್ಬಿದೆ. ಆರು ಇಂಚಿನ ಗೋಪುರಕ್ಕೆ ಕಡ್ಡಿ ಚುಚ್ಚಿ ತಂದಿಡುತ್ತಾರೆ; ಅಷ್ಟು ಬಾಯಿ ತೆರೆಯುವುದು ದಂತವೈದ್ಯರ ಮುಂದೆ ಮಾತ್ರ. ಕಡ್ಡಿ ತೆಗೆಯದೆ ಅದರ ಪಕ್ಕದಲ್ಲೇ ಗರಗಸದ ಚಾಕುವಿನಿಂದ ಎರಡು ಭಾಗ ಮಾಡಿಕೊಡಲು ಹೇಳಿ. ಸಾಸ್ ಬೇರೆ ಬಟ್ಟಲಲ್ಲಿ, ಟೊಮೆಟೊ ತಟ್ಟೆಯ ಬದಿಗೆ. ನಾಲ್ವರಿಗೆ ಹದಿನೆಂಟು ನೂರರಿಂದ ಎರಡು ಸಾವಿರದ ಆಸುಪಾಸು ಬಿಲ್ ಆಗುತ್ತದೆ, ಅದರ ಮೇಲೆ ಶೇ 5 ಜಿಎಸ್‌ಟಿ. ಸೇವಾ ಶುಲ್ಕ ಅಂತ ತಾವಾಗಿಯೇ ಸೇರಿಸಿದ್ದರೆ ತೆಗೆಸಿ. ಅದನ್ನು ಕಡ್ಡಾಯ ಮಾಡುವಂತಿಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ.

ಸ್ಮ್ಯಾಶ್ ಬರ್ಗರ್ ಅಂಗಡಿಗಳು ಈಚಿನ ಅಲೆ. ಎಪ್ಪತ್ತು ಎಂಬತ್ತು ಗ್ರಾಂ ಕೈಮಾದ ಉಂಡೆಯನ್ನು ಕಾದು ಹೊಗೆಯಾಡುವ ಕಾವಲಿಯ ಮೇಲಿಟ್ಟು, ಮೊದಲ ಅರ್ಧ ನಿಮಿಷದೊಳಗೆ ಭಾರ ಹಾಕಿ ಒತ್ತಿ ತೆಳ್ಳಗೆ ಮಾಡುತ್ತಾರೆ. ಅಂಚು ರವೆದೋಸೆಯ ಅಂಚಿನ ಹಾಗೆ ಜಾಲರಿಯಾಗಿ ಗರಿಗರಿ ಬರಬೇಕು. ತಡವಾಗಿ ಒತ್ತಿದರೆ ರಸವೆಲ್ಲ ಹೊರಗೆ ಹರಿದು ಪ್ಯಾಟಿ ಚಕ್ಕೆಯಾಗುತ್ತದೆ. ಎರಡು ಮೂರು ನಿಮಿಷದಲ್ಲಿ ಬರ್ಗರ್ ತಯಾರು, ದೀಪದ ಕೆಳಗೆ ಕಾಯುವ ಮಾತೇ ಇಲ್ಲ, ಮಕ್ಕಳ ಬಾಯಿಗೂ ಹಿಡಿಸುವ ಎತ್ತರ. ಮಾಂಸ ತಿನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಚಿಕನ್ ಆದರೆ ತೊಡೆಯ ಕೈಮಾನಾ ಎಂದು ಕೇಳಿ; ಎದೆಯ ಮಾಂಸದಲ್ಲಿ ಕೊಬ್ಬಿಲ್ಲ, ತೆಳ್ಳಗೆ ಒತ್ತಿದರೆ ಒಣಗಿ ಹೋಗುತ್ತದೆ.

ಸಸ್ಯಾಹಾರಿಗಳ ವಿಷಯಕ್ಕೆ ಬಂದರೆ ಇದೇ ಅಂಗಡಿಗಳ ಮೇಲೆ ಸಿಟ್ಟು ಬರುತ್ತದೆ. ಆಲೂಗಡ್ಡೆಯನ್ನು ಹೀಗೆ ಒತ್ತಿ ಗರಿ ಮಾಡಲಾಗದು, ಒಡೆದುಹೋಗುತ್ತದೆ. ಆದ್ದರಿಂದ ಎಷ್ಟೋ ಕಡೆ ಫ್ರೀಜರಿನ ಟಿಕ್ಕಿಯನ್ನು ಕರಿದು ಅದೇ ಬೆಲೆಗೆ ಕೊಡುತ್ತಾರೆ. ಅಣಬೆಯಾದರೆ ಹುರಿದು ನೀರು ಹಿಂಗಿಸಿರುವುದಿಲ್ಲ, ಪನೀರ್ ತುಂಡಾದರೆ ಕಚ್ಚಿದ ಕೂಡಲೇ ಹಿಂದಿನಿಂದ ಜಾರಿ ಹೊರಗೆ. ಅದಕ್ಕಿಂತ ಮುಖ್ಯವಾದದ್ದು ಮೊಟ್ಟೆ. ಬ್ರಿಯೋಶ್ ಎಂಬ ಮೆತ್ತನೆಯ ಬೆಣ್ಣೆ ಬನ್ನಿನ ಹಿಟ್ಟಿಗೇ ಮೊಟ್ಟೆ ಬೀಳುತ್ತದೆ, ಮೇಲಿನ ಹೊಳಪಿಗೂ ಅದನ್ನೇ ಸವರುವುದುಂಟು, ಮೇಯೊನೀಸ್‌ನಲ್ಲೂ ಇರಬಹುದು. ಆಹಾರ ಸುರಕ್ಷತಾ ನಿಯಮದಲ್ಲಿ ಮೊಟ್ಟೆ ಮಾಂಸಾಹಾರದ ಪಟ್ಟಿಯಲ್ಲಿದೆ. ಆದರೂ ಪ್ಯಾಟಿ ತರಕಾರಿಯದ್ದು ಎಂಬ ಒಂದೇ ಕಾರಣಕ್ಕೆ ಮೆನುವಿನಲ್ಲಿ ಹಸಿರು ಚುಕ್ಕಿ ಹಾಕುವ ಅಂಗಡಿಗಳಿವೆ. ‘ವೆಜ್ಜಾ?’ ಎಂದು ಕೇಳಿದರೆ ಹೌದೆನ್ನುತ್ತಾರೆ. ‘ಬನ್ನಿಗೆ ಮೊಟ್ಟೆ ಹಾಕ್ತೀರಾ? ಮೇಯೊ ಎಗ್‌ಲೆಸ್ಸಾ? ಫ್ರೈಸನ್ನೂ ಚಿಕನ್ನನ್ನೂ ಒಂದೇ ಎಣ್ಣೇಲಿ ಕರೀತೀರಾ?’ ಎಂದು ಬಿಡಿಸಿ ಕೇಳಬೇಕು. ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಕೂರಿ.

ಇಲ್ಲಿ ಬಂದಾಗ, ಒಲ್ಲದ ಮನಸ್ಸಿನಿಂದಲೇ, ದೊಡ್ಡ ಸರಣಿ ಅಂಗಡಿಗಳನ್ನು ಹೊಗಳಬೇಕಾಗುತ್ತದೆ. ದೇಶದ ಮೊದಲ ಕೆಎಫ್‌ಸಿ 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದಾಗ ರೈತ ಸಂಘ ಬೀದಿಗಿಳಿದಿತ್ತು. ಈಗ ಅದೇ ಊರಿನ ಮಾಲ್‌ಗಳಲ್ಲಿ ಸಂಜೆಯ ಟೋಕನ್‌ಗೆ ಕಾಯುವ ಅರ್ಧ ಜನ ಅಜ್ಜ ಅಜ್ಜಿಯರು. ಮೆಕ್‌ಡೊನಾಲ್ಡ್ಸ್ ಭಾರತದಲ್ಲಿ ಸಸ್ಯಾಹಾರ ಮತ್ತು ಮಾಂಸಾಹಾರದ ಅಡುಗೆಯನ್ನು ಮೊದಲಿನಿಂದ ಕೊನೆಯವರೆಗೆ ಬೇರೆ ಇಟ್ಟಿದೆ, ಮೇಯೊ ಮೊಟ್ಟೆಯಿಲ್ಲದ್ದು. ಬರ್ಗರ್ ಕಿಂಗ್‌ನ ವೈಶಿಷ್ಟ್ಯ ಬೆಂಕಿಯ ಜ್ವಾಲೆಯ ಮೇಲೆ ಸುಡುವುದು, ಅದರ ಹೊಗೆಯ ಪರಿಮಳ ಇಷ್ಟವಾದವರಿಗೆ ಬೇರೆ ಕಡೆ ಸಪ್ಪೆ ಅನಿಸಬಹುದು. ಸರಣಿಗಳ ರುಚಿಯಲ್ಲಿ ಅಚ್ಚರಿಯೇನಿಲ್ಲ. ಆದರೆ ಬನ್ ಯಂತ್ರದಲ್ಲಿ ಟೋಸ್ಟ್ ಆಗುತ್ತದೆ, ಸಾಸು ಅಳತೆಯ ಗನ್ನಿನಿಂದ ಬೀಳುತ್ತದೆ, ಬರ್ಗರ್ ತೆಳ್ಳಗಿದೆ, ಹಾಗಾಗಿ ಕೆಳಗಿನ ಬನ್ ಕೊನೆಯ ತುತ್ತಿನವರೆಗೂ ಬಾಳುತ್ತದೆ. ಸಣ್ಣ ಟಿಕ್ಕಿ ಬರ್ಗರ್ ನೂರು ರೂಪಾಯಿಯ ಆಸುಪಾಸು. ನಾಲ್ವರು ಸಾವಿರದೊಳಗೆ ಮುಗಿಸಬಹುದು. ಕಿಯೋಸ್ಕ್‌ನಲ್ಲಿ ಬಟನ್ ಒತ್ತುವಾಗ ಟೊಮೆಟೊ, ಈರುಳ್ಳಿ ತೆಗೆಸುವ ಆಯ್ಕೆ ಇದ್ದರೆ ಬಳಸಿ, ಹಾಗೆ ಮಾಡಿದ ಬರ್ಗರ್ ಹೊಸದಾಗಿ ಜೋಡಿಸಿದ್ದೇ ಆಗಿರುತ್ತದೆ.

ಬೇಕರಿಯನ್ನು ಬಿಟ್ಟರೆ ಈ ಊರಿನ ಲೆಕ್ಕ ಮುಗಿಯದು. ಅಯ್ಯಂಗಾರ್ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಸಿಗುವ ಆಲೂ ಬರ್ಗರ್‌ಗೆ ಲೆಟಿಸ್ಸೂ ಇಲ್ಲ, ಅಲಂಕಾರವೂ ಇಲ್ಲ. ಎರಡೂ ಹೋಳಿಗೆ ಧಾರಾಳ ಬೆಣ್ಣೆ ಸವರಿ ಕಾವಲಿಯ ಮೇಲೆ ಬೋರಲು ಹಾಕಿ ಅದುಮುತ್ತಾರೆ, ಅಂಚು ಕಂದುವವರೆಗೆ ಬಿಡುತ್ತಾರೆ. ಪ್ಯಾಟಿ ಸಾಧಾರಣ. ಬನ್ ಮಾತ್ರ ಮೇಲೆ ಹೇಳಿದ ಎಲ್ಲರಿಗೂ ಪಾಠ. ವಿ.ವಿ. ಪುರಂನ ತಿಂಡಿಬೀದಿಯಲ್ಲಿ ಕಾಂಗ್ರೆಸ್ ಬನ್ ತಿಂದವರಿಗೆ ಬೆಣ್ಣೆ ಸವರಿದ ಬನ್ನು ಖಾರದ ಕಡಲೆಬೀಜದ ಜೊತೆ ಹೇಗೆ ಹೊಂದುತ್ತದೆಂದು ವಿವರಿಸಬೇಕಿಲ್ಲ. ಕೂರಲು ಜಾಗವಿಲ್ಲ, ಫುಟ್‌ಪಾತ್ ಮೇಲೆ ನಿಂತು ತಿನ್ನಬೇಕು. ಮಂಡಿನೋವಿನ ಹಿರಿಯರಿದ್ದರೆ ಕಷ್ಟ.

ಹಾಗಾಗಿ ಎಲ್ಲರೂ ಮಾಂಸ ತಿನ್ನುವವರಾದರೆ ಸ್ಮ್ಯಾಶ್ ಅಂಗಡಿ, ಸಂಜೆ ಆರೂವರೆಯೊಳಗೆ. ಮೊಟ್ಟೆ ಮುಟ್ಟದವರು ಒಬ್ಬರಿದ್ದರೂ ಸರಣಿ ಅಂಗಡಿ. ಹುಟ್ಟುಹಬ್ಬ, ಕೂತು ಮಾತಾಡಬೇಕು ಅಂದರೆ ದೊಡ್ಡ ಹೋಟೆಲು, ಆದರೆ ವಾರದ ನಡುವೆ. ಪಾರ್ಸೆಲ್ ಎಲ್ಲಿಂದ ತಂದರೂ ರಟ್ಟಿನ ಡಬ್ಬಿಯ ಮುಚ್ಚಳ ಸ್ವಲ್ಪ ತೆರೆದಿಟ್ಟು ತನ್ನಿ, ಹಬೆ ಹೋಗಲಿ. ಮನೆಯಲ್ಲಿ ಮೈಕ್ರೋವೇವ್‌ಗೆ ಹಾಕಬೇಡಿ, ಬನ್ ಮೊದಲು ಮೆತ್ತಗಾಗಿ ಆಮೇಲೆ ರಬ್ಬರಾಗುತ್ತದೆ. ಬಿಡಿಸಿ, ತರಕಾರಿ ಪಕ್ಕಕ್ಕಿಟ್ಟು, ಪ್ಯಾಟಿಯನ್ನು ಸಣ್ಣ ಉರಿಯಲ್ಲಿ ಮುಚ್ಚಿ ಮೂರು ನಿಮಿಷ, ಬನ್ನನ್ನು ಬೆಣ್ಣೆ ಸವರಿ ಬೋರಲಾಗಿ ಒಂದು ನಿಮಿಷ. ಟೊಮೆಟೊ ಮತ್ತೆ ಸೇರಿಸುವ ಮುನ್ನ ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒತ್ತಿ ನೀರು ತೆಗೆಯಿರಿ.