ಕೆಟ್ಟು ನಿಂತ ಸೆಸ್ನಾ: ಹಾರಿಸಿ ತರೋದಾ, ಲಾರೀಲಿ ತರೋದಾ, ಮೆಕ್ಯಾನಿಕ್ಕನ್ನೇ ಕರೆಸೋದಾ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಾವು ಮೂವರು ಕನ್ನಡದವರು ಸೇರಿ ಸೆಸ್ನಾ 172 ಅನ್ನೋ ಒಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದೇವೆ. 1975ರ ಮಾಡೆಲ್, ನನಗಿಂತ ಎರಡು ವರ್ಷ ದೊಡ್ಡದು. ಇದುವರೆಗೆ ಮೂರು ಸಲ ಪರಊರಿನಲ್ಲಿ ಕೈಕೊಟ್ಟಿದೆ. ಮೂರು ಸಲವೂ ಬೇರೆ ಬೇರೆ ದಾರಿ ಹಿಡಿದೆವು.

ಮೊದಲನೆಯದು ಬಿಷಪ್ ಅನ್ನೋ ಊರಿನಲ್ಲಿ. ಟೇಕಾಫ್‌ಗೆ ಮುಂಚೆ ಎಂಜಿನ್ ಪರೀಕ್ಷಿಸುತ್ತ ಕೀಲಿಯನ್ನು ಎಡ ಮ್ಯಾಗ್ನೆಟೋಗೆ (ಎಂಜಿನ್ನಿಗೆ ಕಿಡಿ ಕೊಡುವ ಎರಡು ಸಾಧನಗಳಲ್ಲಿ ಒಂದು) ತಿರುಗಿಸಿದೆ, ಇಡೀ ಪ್ಲೇನ್ ಗಡಗಡ ನಡುಗಿತು. ಮನೆಗೂ ನಮಗೂ ನಡುವೆ ಸಿಯೆರಾ ನೆವಾಡಾ ಬೆಟ್ಟಸಾಲು. ಒಂದೇ ಮ್ಯಾಗ್ನೆಟೋ ನಂಬಿಕೊಂಡು ಹೊರಡೋ ಮಾತೇ ಇಲ್ಲ. ನಮ್ಮ ಮೆಕ್ಯಾನಿಕ್ ಇನ್ನೊಂದು ಮ್ಯಾಗ್ನೆಟೋವನ್ನು ಕಾರಿನಲ್ಲಿಟ್ಟುಕೊಂಡು ಬೆಟ್ಟ ಸುತ್ತಿ ಬಂದ. ರಿಪೇರಿ ಎರಡೇ ಗಂಟೆ. ಬಿಲ್ಲಿನಲ್ಲಿ ಮುಕ್ಕಾಲು ಪಾಲು ರಸ್ತೆಯದೇ, ಅವನ ಗಂಟೆ ಲೆಕ್ಕ ಮನೆ ಗೇಟಿನಿಂದಲೇ ಶುರು. ಆದರೂ ಬೋಲ್ಟು ಬಿಚ್ಚಿ ಬದಲಾಯಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೇ ದಾರಿ ನಾನು ಕಾಣೆ.

ಲಾರಿಯದು ಬೇಸರದ ಕಥೆ. ಇಳಿಯುವಾಗ ಪ್ಲೇನ್ ಪುಟಿದು ಮೂತಿ ಮುಂದಾಗಿ ಬಿತ್ತು, ಎಂಜಿನ್ ಹಿಂದಿನ ಫೈರ್‌ವಾಲ್ (ಬೆಂಕಿ ತಡೆಯುವ ಲೋಹದ ಗೋಡೆ) ಸೊಟ್ಟಗಾಯಿತು. ಅದನ್ನು ನೋಡಿದ ಯಾವ ಮೆಕ್ಯಾನಿಕ್ಕೂ ಹಾರಲು ಸಹಿ ಹಾಕಲಿಲ್ಲ, ಹಾಕಬಾರದು ಕೂಡ. ರೆಕ್ಕೆ ಬಿಚ್ಚಿದರೆ ಸಾಕು ಅಂದುಕೊಂಡಿದ್ದೆವು. ಹೆದ್ದಾರಿಯಲ್ಲಿ ಅಗಲದ ಮಿತಿ ಎಂಟೂವರೆ ಅಡಿ, ನಮ್ಮ ಬಾಲವೇ ಹನ್ನೊಂದು ಅಡಿ ದಾಟುತ್ತದೆ. ಅದನ್ನೂ ಬಿಚ್ಚಿದ್ದಾಯಿತು. ಬಿಚ್ಚೋದು ಒಂದು ದಿನ; ಕೂಡಿಸಿ, ಕೇಬಲ್ ಬಿಗಿ ನೋಡಿ, ಪ್ಲೇನಿನ ದಾಖಲೆ ಪುಸ್ತಕದಲ್ಲಿ (ಲಾಗ್‌ಬುಕ್) ಬರೆಸೋದು ವಾರ.

ಫೆರಿ ಪರ್ಮಿಟ್, ಅಂದರೆ ಇಂಥ ಪ್ಲೇನನ್ನು ಹಾರಿಸಿ ತರಲು ವಿಶೇಷ ಅನುಮತಿ, ಬೇಕಾದದ್ದು ಬೇಕರ್ಸ್‌ಫೀಲ್ಡ್‌ನಲ್ಲಿ. ಬಣ್ಣಕ್ಕೆ ಬಿಟ್ಟಿದ್ದ ಪ್ಲೇನ್ ಅಲ್ಲಿ ನಿಂತಿರುವಾಗಲೇ ವಾರ್ಷಿಕ ತಪಾಸಣೆಯ ಗಡುವು ಮುಗಿಯಿತು, ಜೊತೆಗೆ ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಹಲಗೆ) ಮೋಟರ್ ಸತ್ತಿತ್ತು. ಇಂಥ ವಿಮಾನ ಕಾನೂನಿನ ಲೆಕ್ಕದಲ್ಲಿ ಹಾರುವಂತಿಲ್ಲ, ಆದರೆ ಸುರಕ್ಷಿತವಾಗಿ ಹಾರಬಲ್ಲದು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಸ್ಪೆಷಲ್ ಫ್ಲೈಟ್ ಪರ್ಮಿಟ್ (ಫೆರಿ ಪರ್ಮಿಟ್ಟಿನ ಅಧಿಕೃತ ಹೆಸರು) ಕೊಡೋದು ಇಂಥದ್ದಕ್ಕೇ. 8130-6 ಫಾರಂನಲ್ಲಿ ಎಲ್ಲಿಂದ ಎಲ್ಲಿಗೆ, ಯಾಕೆ, ಏನು ಕೆಟ್ಟಿದೆ ಅಂತ ಬರೆಯಬೇಕು. ಅವರ ಜಿಲ್ಲಾ ಕಚೇರಿಯಲ್ಲಿ ಫೀಸಿಲ್ಲ. ಆತುರವಿದ್ದರೆ ಅಧಿಕಾರ ಪಡೆದ ಖಾಸಗಿ ಪ್ರತಿನಿಧಿಗಳು ದುಡ್ಡು ತೊಗೊಂಡು ಮಾಡಿಕೊಡುತ್ತಾರೆ. ನಾವು ಪುಕ್ಕಟೆಯದಕ್ಕೇ ಕಾದೆವು, ನಾಲ್ಕು ದಿನದಲ್ಲಿ ಬಂತು.

ಕಾಗದಕ್ಕಿಂತ ಕಷ್ಟವಾದದ್ದು, ಇದು ಹಾರಬಲ್ಲದು ಅನ್ನೋ ಮೆಕ್ಯಾನಿಕ್ಕಿನ ಸಹಿ. ಅಲ್ಲಿಯವನೊಬ್ಬ ಎಂಜಿನ್, ಕೇಬಲ್ ಎಲ್ಲ ನೋಡಿ, ಕೊನೆಗೆ ಟಾರ್ಚ್ ಹಿಡಿದು ಸೀಟಿನ ಕೆಳಗೆ ಮಲಗಿದ. ಸೆಸ್ನಾದ ಸೀಟು ಜಾರುವ ಹಳಿಯಲ್ಲಿ ಪಿನ್ ಕೂರುವ ತೂತುಗಳಿರುತ್ತವೆ. ಸವೆದರೆ ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಜಾರುತ್ತದೆ, ಕೈಯಲ್ಲಿರೋ ಯೋಕ್ (ಪ್ಲೇನಿನ ಸ್ಟೀರಿಂಗ್) ಕೂಡ ಅದರ ಜೊತೆ ಬರುತ್ತದೆ, ಮೂತಿ ಆಕಾಶಕ್ಕೆ. ಇದಕ್ಕೆಂದೇ 2011ರ ಒಂದು ಎಡಿ (ಎಫ್‌ಎಎಯ ಕಡ್ಡಾಯ ಸುರಕ್ಷತಾ ಆದೇಶ) ಇದೆ, 100 ಗಂಟೆ ಹಾರಾಟಕ್ಕೋ ವರ್ಷಕ್ಕೋ ಒಮ್ಮೆ ಅಳೆಯಬೇಕು. ನಮ್ಮದೂ ಬಾಕಿ ಇತ್ತು. ಅಳೆದ, ಸರಿಯಿದೆ ಅಂತ ತಲೆಯಾಡಿಸಿದ, ಲಾಗ್‌ಬುಕ್ಕಿನಲ್ಲಿ ಬರೆದ. ಇನ್ಶೂರೆನ್ಸಿನವರಿಗೂ ಮೊದಲೇ ಹೇಳಿ ಇಮೇಲಿನಲ್ಲಿ ಒಪ್ಪಿಗೆ ತರಿಸಿಕೊಂಡಿದ್ದೆ. ಫೋನಿನ ಮಾತು ನಂಬಬೇಡಿ.

ಗುಲಾಬಿ ಬಣ್ಣದ ಪರ್ಮಿಟ್ಟಿನಲ್ಲಿ ಷರತ್ತುಗಳಿದ್ದವು: ಹಗಲು ಮಾತ್ರ, ಜನವಸತಿಯ ಮೇಲೆ ಬೇಡ, ಪೈಲಟ್ ಬಿಟ್ಟು ಬೇರೆಯವರು ಬೇಡ. ನಮ್ಮ ಊರಿನ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದ ಸುತ್ತ ಬರೀ ಮನೆಗಳು, ಹಾಗಾಗಿ ದಕ್ಷಿಣದ ಸ್ಯಾನ್ ಮಾರ್ಟಿನ್ ನಿಲ್ದಾಣಕ್ಕೆ ಹಾರಲು ಅರ್ಜಿ ಹಾಕಿದ್ದೆವು. ಮೂರನೇ ಷರತ್ತು ಓದಿ, ನನ್ನನ್ನು ಕಾರಿನಲ್ಲಿ ಬಿಡಲು ಬಂದಿದ್ದ ಪಾಲುದಾರ ರೇಗಿದ. “ಅಲ್ಲ ಮಾರಾಯ, ಪ್ಲೇನಿನಲ್ಲಿ ಮೂರನೇ ಒಂದು ಪಾಲು ನಂದು. ಪಕ್ಕದ ಸೀಟು ಖಾಲಿ. ನಾನು ನಾಲ್ಕು ಗಂಟೆ ಕಾರು ಓಡಿಸ್ಬೇಕಾ?”

ಓಡಿಸಲೇಬೇಕಾಯಿತು. ಒಂದೂ ಮುಕ್ಕಾಲು ಗಂಟೆಯಲ್ಲಿ ನಾನು ಫ್ಲ್ಯಾಪಿಲ್ಲದೆ, ಸ್ವಲ್ಪ ಜೋರಾಗಿಯೇ ಇಳಿದು, ರೆಕ್ಕೆಗೆ ಹಗ್ಗ ಕಟ್ಟಿ ಅವನಿಗೆ ಫೋನ್ ಮಾಡಿದೆ. ಆಗಿನ್ನೂ ಕೋಲಿಂಗಾದಲ್ಲಿ, ಸಾವಿರಾರು ದನಗಳ ವಾಸನೆಗೆ ಕಿಟಕಿ ಏರಿಸಿಕೊಂಡು ಬರುತ್ತಿದ್ದ.