ನೆಸ್ಟೆಡ್ ಆಯ್ಕೆ ಕೊನೆಗೂ ಕೆಲಸ ಮಾಡುತ್ತಿದೆ: ವಿಎಂ ಮ್ಯಾನೇಜರಿನ ಹೊಸ ಅಪ್‌ಡೇಟ್

ಎಎಂಡಿ ಪ್ರೊಸೆಸರ್ ಮೇಲೆ ಕೆವಿಎಂ (ವರ್ಚುವಲ್ ಮಶೀನ್ ಓಡಿಸಲು ಲಿನಕ್ಸಿನಲ್ಲೇ ಇರುವ ಸೌಲಭ್ಯ) ಬಳಸುವವರು ಈ ಅಪ್‌ಡೇಟನ್ನು ಧೈರ್ಯವಾಗಿ ಹಾಕಿಕೊಳ್ಳಿ. ವಿಎಂ, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ನಡೆಯುವ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಶೀನ್), ಮಾಡಿ ನಡೆಸಲು ನಾನು ದಿನಾ ಬಳಸುವ ಮ್ಯಾನೇಜರ್ ಇದು. ಹಿಂದಿನ ಆವೃತ್ತಿಯಲ್ಲಿ ಹೊಸ ವಿಎಂ ಮಾಡಲು ಹೋದರೆ ನೆಸ್ಟೆಡ್ ವರ್ಚುವಲೈಸೇಶನ್ (ವಿಎಂ ಒಳಗೆ ವಿಎಂ ಓಡಿಸುವುದು) ಆಯ್ಕೆ ಬೂದು ಬಣ್ಣದಲ್ಲಿ ಸುಮ್ನೆ ಕೂತಿರುತ್ತಿತ್ತು, ಮೌಸ್ ಇಟ್ಟರೆ 'ಈ ಹೋಸ್ಟಿನಲ್ಲಿ ಸೌಲಭ್ಯವಿಲ್ಲ' ಅಂತ ಒಂದು ಸಾಲು (ಹೋಸ್ಟ್ ಅಂದರೆ ವಿಎಂ ಓಡಿಸುವ ನಮ್ಮ ಅಸಲಿ ಕಂಪ್ಯೂಟರ್). ಆದರೆ ಬಯಾಸ್‌ನಲ್ಲಿ ಎಸ್‌ವಿಎಂ (ಎಎಂಡಿ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ) ಆನ್ ಇತ್ತು, ಕೆವಿಎಂ ಮಾಡ್ಯೂಲ್ ಲೋಡ್ ಆಗಿತ್ತು, ವಿಎಂ ಓಡಿಸುವ ಪ್ರೋಗ್ರಾಂ ಆದ ಕ್ಯೂಎಮುವನ್ನು ನಾವೇ ಕಮಾಂಡ್ ಕೊಟ್ಟು ಓಡಿಸಿದರೆ ವಿಎಂ ಒಳಗೆ ಇನ್ನೊಂದು ವಿಎಂ ಆರಾಮಾಗಿ ನಡೆಯುತ್ತಿತ್ತು.

ಎಡವಟ್ಟು ಇದ್ದದ್ದು ಪರೀಕ್ಷೆ ಮಾಡುವ ಕೋಡಿನಲ್ಲಿ. ನೆಸ್ಟೆಡ್ ಆನ್ ಇದೆಯೋ ಇಲ್ಲವೋ ಅನ್ನುವುದನ್ನು ಕರ್ನಲ್ (ಲಿನಕ್ಸಿನ ತಿರುಳು) ಒಂದು ಪುಟ್ಟ ಫೈಲಿನಲ್ಲಿ ತೋರಿಸುತ್ತದೆ. ಇಂಟೆಲ್ ಮಾಡ್ಯೂಲಿನಲ್ಲಿ ಆ ಪ್ಯಾರಾಮೀಟರ್ ಬೂಲಿಯನ್ (ಹೌದು ಅಥವಾ ಇಲ್ಲ ಅಷ್ಟೇ), ಆನ್ ಇದ್ದರೆ 'ವೈ' (Y) ಅಕ್ಷರ ಸಿಗುತ್ತದೆ. ಎಎಂಡಿ ಮಾಡ್ಯೂಲಿನಲ್ಲಿ ಅದೇ ಪ್ಯಾರಾಮೀಟರ್ ಇಂಟಿಜರ್ (ಪೂರ್ಣಾಂಕ), ಹಾಗಾಗಿ '1' ಸಿಗುತ್ತದೆ. ಹಳೆಯ ಕೋಡ್ ನೋಡುತ್ತಿದ್ದದ್ದು 'ವೈ' ಒಂದನ್ನೇ. ಇಂಟೆಲ್ ಮಶೀನಿನಲ್ಲಷ್ಟೇ ಟೆಸ್ಟ್ ಮಾಡಿದರೆ ಇದು ಕಣ್ಣಿಗೇ ಬೀಳಲ್ಲ, ಅಲ್ವಾ?

ಹೊಸ ಕೋಡ್ ಈಗ ಎರಡನ್ನೂ ಒಪ್ಪುತ್ತದೆ. ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಜೊತೆಗೇ ಮಾಡಿದ ಮತ್ತೊಂದು ಬದಲಾವಣೆ. ಕ್ಯೂಎಮುವಿನ ಆವೃತ್ತಿ ಸಂಖ್ಯೆ ನೋಡಿ ಯಾವ ಫೀಚರ್ ಇರಬಹುದು ಅಂತ ಊಹಿಸುವುದನ್ನು ಬಿಟ್ಟು, ಕ್ಯೂಎಂಪಿ (ಕ್ಯೂಎಮು ಜೊತೆ ಬೇರೆ ಪ್ರೋಗ್ರಾಂ ಮಾತಾಡುವ ದಾರಿ) ಮೂಲಕ ಕ್ಯೂಎಮುವನ್ನೇ ನೇರವಾಗಿ ಕೇಳುತ್ತದೆ. ವಿಎಂಗಳನ್ನು ನಿರ್ವಹಿಸುವ ಲೈಬ್ರರಿ ಲಿಬ್‌ವರ್ಟ್ ಈ ದಾರಿ ಹಿಡಿದು ಎಷ್ಟೋ ವರ್ಷವಾಯಿತು. ಆವೃತ್ತಿ ಸಂಖ್ಯೆ ನಂಬಿದರೆ ಎರಡೂ ಕಡೆ ಪೆಟ್ಟು: ಡಿಸ್ಟ್ರೋಗಳು (ಲಿನಕ್ಸಿನ ಬೇರೆ ಬೇರೆ ವಿತರಣೆಗಳು) ಹೊಸ ಫೀಚರನ್ನು ಹಳೆಯ ಆವೃತ್ತಿಗೇ ತಂದು ಸೇರಿಸಿರುತ್ತವೆ (ಬ್ಯಾಕ್‌ಪೋರ್ಟ್), ಇತ್ತ ಸಂಖ್ಯೆಯನ್ನು ಬರೀ ಅಕ್ಷರಗಳಾಗಿ ಹೋಲಿಸುವ ಕೋಡ್ ಇದ್ದರೆ 2025ರಲ್ಲಿ ಬಂದ 10.0 ಅದಕ್ಕಿಂತ ಮೊದಲಿನ 9.2ಕ್ಕಿಂತ ಹಳೆಯದು ಅಂತ ಲೆಕ್ಕ ಹಾಕಿಬಿಡುತ್ತದೆ. ಹೊಸದನ್ನು ಹಾಕಿಕೊಂಡವರಿಗೇ ಫೀಚರ್ ಮಾಯ!

ಒಂದು ಕೊರತೆ ಹಾಗೇ ಉಳಿದಿದೆ. ಬಯಾಸ್‌ನಲ್ಲಿ ಎಸ್‌ವಿಎಂ ಆಫ್ ಇದ್ದರೂ, ಮಾಡ್ಯೂಲ್ ಲೋಡ್ ಆಗದಿದ್ದರೂ, ಕೆವಿಎಂ ಡಿವೈಸ್ ಫೈಲಿಗೆ ನಮ್ಮ ಯೂಸರ್‌ಗೆ ಪರ್ಮಿಶನ್ ಇಲ್ಲದಿದ್ದರೂ ಬರುವುದು ಅದೇ 'ಸೌಲಭ್ಯವಿಲ್ಲ' ಅನ್ನುವ ಸಾಲು. ಮೂರಕ್ಕೂ ಪರಿಹಾರ ಬೇರೆ ಬೇರೆ, ಹೊಸಬರು ಯಾವುದರಿಂದ ಶುರು ಮಾಡಬೇಕು ಪಾಪ? ಕಾರಣ ಬಿಡಿಸಿ ಹೇಳುವವರೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.