ನಮ್ಮ ಹಾಲ್‌ನಲ್ಲಿ ಮೂರು ಸ್ಪೀಕರ್ ಸೆಟ್: ಮಾತು ಯಾವುದರಲ್ಲಿ ಸರಿಯಾಗಿ ಕೇಳಿಸಿತು?

ಸಿನಿಮಾ ನೋಡುವಾಗ ಅಮ್ಮ ಪದೇ ಪದೇ "ಏನಂದ ಅವನು?" ಅಂತ ಕೇಳುತ್ತಿದ್ದರು. ಫೈಟ್ ಬಂದರೆ ಕಿಟಕಿ ಗಾಜು ಅದುರುತ್ತಿತ್ತು, ಮಾತು ಬಂದರೆ ಗೊಣಗಿದ ಹಾಗಿರುತ್ತಿತ್ತು. ಅಮ್ಮನ ಕಿವಿ ಚೆನ್ನಾಗಿಯೇ ಇದೆ, ಫೋನಿನಲ್ಲಿ ಪಿಸುಮಾತಾಡಿದರೂ ಕೇಳಿಸುತ್ತದೆ. ತೊಂದರೆ ಇದ್ದದ್ದು ಸ್ಪೀಕರ್‌ನಲ್ಲಿ. ಅದಕ್ಕೇ ನಮ್ಮ ಹಾಲ್‌ನಲ್ಲಿ ಮೂರು ಥರದ ಸೆಟ್ ಹಾಕಿ ಕೇಳಿದೆ. ಒಂದು ನಮ್ಮ ಹಳೆಯದು. ಇನ್ನೊಂದು ಆಮೇಲೆ ಕೊಂಡ ಸೌಂಡ್‌ಬಾರ್, ಅಂದರೆ ಟಿವಿ ಮುಂದೆ ಇಡುವ ಉದ್ದನೆಯ ಪಟ್ಟಿಯಂಥ ಸ್ಪೀಕರ್. ಮೂರನೆಯದು ಗೆಳೆಯನ ಮನೆಯಿಂದ ಎರಡು ವಾರಕ್ಕೆ ತಂದ ಬುಕ್‌ಶೆಲ್ಫ್ ಸ್ಪೀಕರ್‌ಗಳು, ಅಂದರೆ ಶೆಲ್ಫ್ ಮೇಲೆ ಇಡಬಹುದಾದಷ್ಟು ದೊಡ್ಡ ಒಂದು ಜೊತೆ.

ಹಾಲ್ 14 ಅಡಿ ಉದ್ದ, 11 ಅಡಿ ಅಗಲ. ನೆಲಕ್ಕೆ ಟೈಲ್ಸ್, ಒಂದು ಕಡೆ ಗಾಜಿನ ಬಾಗಿಲು. ಬೆಂಗಳೂರಿನ ಎಷ್ಟೋ ಫ್ಲ್ಯಾಟ್‌ಗಳ ಹಾಲ್ ಹೀಗೇ ಅಲ್ವಾ?

ಕೇಳಲು ಮೂರು ತುಣುಕು ಆರಿಸಿಕೊಂಡೆ. ಮಳೆಯಲ್ಲಿ ಇಬ್ಬರು ಮಾತಾಡುವ ಒಂದು ಸಿನಿಮಾ ದೃಶ್ಯ, ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಕ್ರಿಕೆಟ್ ಕಾಮೆಂಟರಿ. ಸೋಫಾ ಮೇಲೆ ಫೋನಿನ ಡೆಸಿಬಲ್ ಆ್ಯಪ್ ಇಟ್ಟು, ಪ್ರತಿ ಸೆಟ್ಟನ್ನೂ ಸುಮಾರು 70 ಡೆಸಿಬಲ್‌ಗೆ ಹೊಂದಿಸಿದೆ (ಸದ್ದು ಎಷ್ಟು ಜೋರು ಅನ್ನುವ ಅಳತೆ ಅದು). ಹೀಗೆ ಮಾಡಲೇಬೇಕು. ಒಂದು ಚೂರು ಜೋರಾಗಿದ್ದರೂ ಸಾಕು, ಅದೇ ಚೆನ್ನಾಗಿದೆ ಅಂತ ಕಿವಿ ಒಪ್ಪಿಕೊಂಡುಬಿಡುತ್ತದೆ. ಅಂಗಡಿಯಲ್ಲಿ ನಾವು ಮೋಸ ಹೋಗುವುದು ಇಲ್ಲೇ.

ಮೊದಲು ಹಳೆಯ 5.1 ಸೆಟ್. ಎಲ್ಲವೂ ಒಂದೇ ಡಬ್ಬದಲ್ಲಿ ಬರುತ್ತದಲ್ಲ, ಆ ಥರದ್ದು. ಅಂಗೈಯಗಲದ ಐದು ಪುಟ್ಟ ಸ್ಪೀಕರ್, ಬರೀ ಬೇಸ್‌ಗೆ, ಅಂದರೆ ದಪ್ಪ ಸದ್ದಿಗೆಂದೇ ಇರುವ ಒಂದು ಸಬ್‌ವೂಫರ್. ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರಕ್ಕೆ ಬರಬಹುದು ಅನ್ನುವ ಲೆಕ್ಕ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿತ್ತು. ಆ ಅಂಕಿ ನಂಬಬೇಡಿ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಒಂದೇ ಸಮನೆ ಕೊಡಬಲ್ಲ ಶಕ್ತಿ. ಅದೂ ದುಪ್ಪಟ್ಟಾದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಮಳೆಯ ದೃಶ್ಯ ಇದರಲ್ಲಿ ಸುತ್ತಲೂ ಚೆನ್ನಾಗಿ ಸುರಿಯಿತು. ಹಿಂದಿನಿಂದಲೂ ಹನಿಯ ಸದ್ದು ಬಂದಾಗ ಖುಷಿಯಾಯಿತು. ಆದರೆ ಮಾತು? ಗಂಡಸರ ದನಿಯ ತಳ ಸುಮಾರು 85ರಿಂದ 180 ಹರ್ಟ್ಜ್‌ನಲ್ಲಿ ಇರುತ್ತದೆ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ, ಅಂಕಿ ಇಳಿದಷ್ಟೂ ಸದ್ದು ದಪ್ಪ). ಮೂರು ಇಂಚಿನ ಪುಟ್ಟ ಕೋನ್ ಅಷ್ಟು ಕೆಳಗೆ ಇಳಿಯಲಾರದು. ಹಾಗಾಗಿ ಆ ಕೆಲಸ ಸಬ್‌ವೂಫರ್ ಪಾಲಿಗೆ ಬರುತ್ತದೆ. ನಮ್ಮಲ್ಲಿ ಅದು ಇದ್ದದ್ದು ಮೂಲೆಯಲ್ಲಿ. ಅಂದರೆ ನಟನ ದನಿಯ ಮೇಲಿನ ಭಾಗ ಟಿವಿ ಕಡೆಯಿಂದ, ತಳ ಮೂಲೆಯಿಂದ! 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅದಕ್ಕಿಂತ ಮೇಲಿನದು ಗೊತ್ತಾಗುತ್ತದೆ. ಅಮ್ಮನಿಗೆ ಮಾತು ಗೊಣಗಿದ ಹಾಗೆ ಕೇಳಿಸುತ್ತಿದ್ದದ್ದು ಇದಕ್ಕೇ. ವೀಣೆಯಂತೂ ಬೇಡ. ತಂತಿ ಮೀಟಿದ ಟಂಕಾರ ಇತ್ತು, ವೀಣೆಯ ದುಂಡು ಕೊಡದಿಂದ ಬರುವ ತುಂಬು ನಾದ ಇರಲಿಲ್ಲ.

ಸೌಂಡ್‌ಬಾರ್ ಬೇರೆಯೇ. ಟಿವಿಗೆ ಒಂದೇ ಎಚ್‌ಡಿಎಂಐ ಕೇಬಲ್, ಎಆರ್‌ಸಿ ಅಂತ ಬರೆದಿರುವ ಪೋರ್ಟಿಗೆ ಚುಚ್ಚಿದರೆ ಕೆಲಸ ಮುಗಿಯಿತು. ಟಿವಿ ರಿಮೋಟಿನಲ್ಲೇ ವಾಲ್ಯೂಮ್. ಅಮ್ಮ ಒಬ್ಬರೇ ಹಾಕಿಕೊಂಡು ನೋಡಬಹುದು. ಇದು ಸಣ್ಣ ಮಾತಲ್ಲ. ಮಾತಿಗೆಂದೇ ನಡುವೆ ಒಂದು ಸ್ಪೀಕರ್ ಇರುವುದರಿಂದ ಕಾಮೆಂಟರಿ ಬಿಡಿಬಿಡಿಯಾಗಿ ಕೇಳಿಸಿತು. ಹಳೆಯ ಸೆಟ್ಟಿಗಿಂತ ಎಷ್ಟೋ ವಾಸಿ. ಸದ್ದನ್ನು ಮೇಲಕ್ಕೆ ಚಿಮ್ಮಿಸಿ ಚಾವಣಿಯಿಂದ ಕೆಳಗೆ ಬರುವ ಹಾಗೆ ಮಾಡುವ ಅಟ್ಮಾಸ್ ಸ್ಪೀಕರ್ ಕೂಡ ಇದರಲ್ಲಿದೆ. ಸಪಾಟಾದ ಆರ್‌ಸಿಸಿ ಚಾವಣಿ ಇದಕ್ಕೆ ಸರಿ. ಆದರೂ ಮಳೆ ನೆತ್ತಿಯ ಮೇಲೆ ಬಿತ್ತು ಅಂತ ನನಗೆ ಅನ್ನಿಸಲಿಲ್ಲ, ಟಿವಿಗಿಂತ ಸ್ವಲ್ಪ ಮೇಲೆ ಬಿತ್ತು ಅಷ್ಟೆ. ವೀಣೆ ಹಾಕಿದಾಗ ಇದರ ಮಿತಿ ಗೊತ್ತಾಯಿತು. ಬಾರ್ ಉದ್ದ ಮೂರೇ ಅಡಿ. ವೀಣೆ, ಮೃದಂಗ, ತಂಬೂರಿ ಮೂವರೂ ಒಂದೇ ಬೆಂಚಿನ ಮೇಲೆ ಒತ್ತರಿಸಿಕೊಂಡು ಕೂತ ಹಾಗಿತ್ತು.

ಇನ್ನು ಬುಕ್‌ಶೆಲ್ಫ್. ಒಂದೊಂದರಲ್ಲೂ ದಪ್ಪ ಸದ್ದಿಗೆ ಆರೂವರೆ ಇಂಚಿನ ವೂಫರ್, ಚೂಪು ಸದ್ದಿಗೆ ಒಂದು ಇಂಚಿನ ರೇಷ್ಮೆ ಬಟ್ಟೆಯ ಟ್ವೀಟರ್. ಜೊತೆಗೆ ಟಿವಿಯ ಸದ್ದು ತಗೊಂಡು ಈ ಸ್ಪೀಕರ್‌ಗಳನ್ನು ನುಡಿಸುವ ಎವಿ ರಿಸೀವರ್. ಮೊದಲ ದಿನ ಟಿವಿ ಯೂನಿಟ್ಟಿನ ಮೇಲೆ ಸುಮ್ನೆ ಇಟ್ಟು ಕೇಳಿದೆ. ಏನೂ ವಿಶೇಷ ಅನ್ನಿಸಲಿಲ್ಲ. ಮಾರನೇ ದಿನ ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದು, ಸ್ಟೂಲ್ ಮೇಲಿಟ್ಟು ಟ್ವೀಟರನ್ನು ಕಿವಿಯ ಮಟ್ಟಕ್ಕೆ ತಂದೆ. ಎರಡರ ನಡುವೆ ಏಳು ಅಡಿ, ಸೋಫಾದಿಂದಲೂ ಹೆಚ್ಚುಕಮ್ಮಿ ಅಷ್ಟೇ. ಎರಡನ್ನೂ ಸ್ವಲ್ಪ ಒಳಕ್ಕೆ ತಿರುಗಿಸಿದೆ.

ವೀಣೆ ಹಾಕಿ ಕಣ್ಣು ಮುಚ್ಚಿದೆ. ಟಿವಿ ಇದ್ದ ಜಾಗದಲ್ಲಿ ವೀಣೆ ಕೂತಿತ್ತು. ಮೀಟಿದ ಸ್ವರ ಎಳೆದು, ಜಾರಿ, ಮುಂದಿನ ಸ್ವರಸ್ಥಾನಕ್ಕೆ ಹೋಗಿ ನಿಲ್ಲುವ ತನಕ ಒಂದೇ ಉಸಿರು. ಪಕ್ಕದ ತಾಳದ ತಂತಿ ಬೇರೆಯಾಗಿ ಕೇಳಿಸಿತು. ಮೃದಂಗದ ಎಡಗಡೆಯ ತುಂಬು ಸದ್ದು ಬಲಗಡೆಯ ಚುರುಕು ಪೆಟ್ಟಿನ ಜೊತೆ ಒಂದೇ ಜಾಗದಿಂದ ಬಂತು, ಮೂಲೆಯಿಂದಲ್ಲ. ಈ ರೆಕಾರ್ಡಿಂಗ್ ನಾನು ವರ್ಷಗಟ್ಟಲೆ ಕೇಳಿದ್ದೇನೆ. ಇಷ್ಟು ಹತ್ತಿರದಿಂದ ಕೇಳಿದ್ದು ಅವತ್ತೇ.

ಮಾತೂ ತುಂಬಾ ಚೆನ್ನ, ಆದರೆ ನಡುವೆ ಕೂತವರಿಗೆ ಮಾತ್ರ. ಪಕ್ಕದ ಕುರ್ಚಿಯಲ್ಲಿ ಅಮ್ಮ ಕೂತರೆ ಮಾತೆಲ್ಲ ಹತ್ತಿರದ ಸ್ಪೀಕರ್ ಕಡೆಗೆ ಸರಿದುಬಿಡುತ್ತದೆ. ಗೆಳೆಯ ಅದೇ ಕಂಪನಿಯ ಅದೇ ಸಾಲಿನ, ನಡುವೆ ಇಡುವ ಸೆಂಟರ್ ಸ್ಪೀಕರ್ ತಂದುಕೊಟ್ಟ ಮೇಲೆ ಅದು ಸರಿಹೋಯಿತು. ಮಳೆಯ ದೃಶ್ಯದಲ್ಲಿ ಹನಿಯ ಸದ್ದು ಒಂದು ಕಡೆ, ಮಾತು ಒಂದು ಕಡೆ, ಒಂದನ್ನೊಂದು ಮುಚ್ಚಲಿಲ್ಲ.

ಬೇಸ್ ಬಗ್ಗೆ ಒಂದು ಮಾತು ಹೇಳಲೇಬೇಕು. 14 ಅಡಿಯ ಹಾಲ್‌ನಲ್ಲಿ 40 ಹರ್ಟ್ಜ್ ಸುಮಾರಿನ ಸದ್ದು ಗೋಡೆ ಹತ್ತಿರ ಉಬ್ಬುತ್ತದೆ, ನಟ್ಟನಡುವೆ ಇಲ್ಲವಾಗುತ್ತದೆ. ನಮ್ಮ ಸೋಫಾ ಅಲ್ಲೇ ಇತ್ತು! ನಮಗೆ ಬೇಸ್ ಸಾಲದು ಅಂತ ಏರಿಸುತ್ತಿದ್ದೆವು, ಕೆಳಗಿನ ಮನೆಯವರಿಗೆ ಜಾಸ್ತಿಯಾಗುತ್ತಿತ್ತು. ಇದಕ್ಕೆ ಉಪಾಯ ಇದೆ. ಸಬ್‌ವೂಫರನ್ನು ಸೋಫಾ ಮೇಲೆ, ನೀವು ಕೂರುವ ಜಾಗದಲ್ಲೇ ಇಟ್ಟು, ಬೇಸ್ ಇರುವ ಹಾಡು ಹಾಕಿ. ಆಮೇಲೆ ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಹೋಗುತ್ತಾ ಕೇಳಿ. ಎಲ್ಲಿ ಬೇಸ್ ಗುಂಯ್‌ಗುಡದೆ ಹದವಾಗಿ ಕೇಳಿಸುತ್ತದೋ ಅಲ್ಲಿ ಅದನ್ನು ಇಡಿ. ನಮ್ಮಲ್ಲಿ ಆ ಜಾಗ ಟಿವಿ ಪಕ್ಕದ ಗೋಡೆಯುದ್ದದ ಕಾಲುಭಾಗದಷ್ಟು ದೂರದಲ್ಲಿ ಸಿಕ್ಕಿತು. ಸೋಫಾವನ್ನೂ ಒಂದೂವರೆ ಅಡಿ ಹಿಂದೆ ಸರಿಸಿದೆವು. ಟೈಲ್ಸ್ ಮೇಲೆ ಜಮಖಾನ ಹಾಸಿ, ಗಾಜಿನ ಬಾಗಿಲಿಗೆ ದಪ್ಪ ಪರದೆ ಹಾಕಿದ ಮೇಲೆ ಮೂರೂ ಸೆಟ್ ಸುಧಾರಿಸಿದವು. ಹಳೆಯದರಲ್ಲಿ ಕೂಡ ಕಾಮೆಂಟರಿಯ ಕಿರಿಕಿರಿ ಕಮ್ಮಿಯಾಯಿತು.

ಮನೆಯಲ್ಲಿ ಬರೀ ಸೀರಿಯಲ್, ವಾರ್ತೆ, ಮ್ಯಾಚ್ ನೋಡುವುದಾದರೆ ಸೌಂಡ್‌ಬಾರ್ ತಗೊಳ್ಳಿ, ಧೈರ್ಯವಾಗಿ ಹೇಳುತ್ತೇನೆ. ಹಾಡು ಕೇಳುವ ಅಭ್ಯಾಸ ಇದ್ದರೆ ಅದೇ ದುಡ್ಡಿಗೆ ಒಂದು ಜೊತೆ ಬುಕ್‌ಶೆಲ್ಫ್ ತಗೊಂಡು, ಸೆಂಟರ್ ಆಮೇಲೆ ಸೇರಿಸಿ. ಆದರೆ ರಿಸೀವರ್ ಖರ್ಚು ಬೇರೆ ಬೀಳುತ್ತದೆ, ವೈರ್ ಎಳೆಯಬೇಕು, ಸ್ಟ್ಯಾಂಡಿಗೆ ಜಾಗ ಬೇಕು.

ಗೆಳೆಯನ ಸ್ಪೀಕರ್ ವಾಪಸ್ ಕೊಟ್ಟು ನಾವೂ ಅಂಥದ್ದೇ ಒಂದು ಜೊತೆ, ಒಂದು ಸೆಂಟರ್ ತಂದಿದ್ದೇವೆ. ಸೌಂಡ್‌ಬಾರ್ ಈಗ ಅಮ್ಮನ ರೂಮಿನ ಟಿವಿಗೆ ಹೋಗಿದೆ. ಹಿಂದಿನ ಎರಡು ಸ್ಪೀಕರ್ ಇನ್ನೂ ತಂದಿಲ್ಲ. ಸೋಫಾದ ಎರಡೂ ಪಕ್ಕ, ಸ್ವಲ್ಪ ಹಿಂದಕ್ಕೆ, ಗೋಡೆಗೆ ಪೆನ್ಸಿಲ್ ಗುರುತು ಮಾತ್ರ ಹಾಕಿಟ್ಟಿದ್ದೇನೆ.